ಕಾಕಾ ಹೋಗಿ ತಾತಾ ಆದಾಗ: ಮಾತಿನ ತೊಂದರೆ ಇರುವ ಮಗುವಿಗೆ ದಿನದ ಕೆಲಸಗಳ ನಡುವೆಯೇ ನೆರವು

ನನ್ನ ಮಗನಿಗೆ ಆಗ ಮೂರೂವರೆ ವರ್ಷ. ನನ್ನ ಮೈದುನ, ಅಂದರೆ ಅವನ ಕಾಕಾ (ಚಿಕ್ಕಪ್ಪ), ಬಾಗಿಲಲ್ಲಿ ಬಂದು ನಿಂತಿದ್ದೇ ತಡ, "ತಾತಾ ಬಂದ, ತಾತಾ ಬಂದ" ಎಂದು ಕುಣಿದ. ಮೈದುನನಿಗೆ ಇಪ್ಪತ್ತಾರು, ಅವನಿಗೆ ಇನ್ನೂ ಹೆಣ್ಣು ನೋಡುತ್ತಿದ್ದೆವು. ಮನೆಮಂದಿಯೆಲ್ಲ ಬಿದ್ದು ಬಿದ್ದು ನಕ್ಕೆವು. ನಾನೂ ಸುಮ್ಮನಿರಲಾರದೆ "ಹೌದೇನೋ, ತಾತಾ ಬಂದ್ನಾ?" ಎಂದೆ. ಅವನಿಗೆ ಸಿಟ್ಟು ಬಂತು. "ತಾತಾ ಅಲ್ಲ! ತಾತಾ!" ಎಂದು ಕಾಲು ಬಡಿದ.

ಅವನ ಕಿವಿಗೆ 'ಕಾಕಾ' ಬೇರೆ, 'ತಾತಾ' ಬೇರೆ. ನಾನು ತಪ್ಪು ಹೇಳಿದ್ದು ಅವನಿಗೆ ಗೊತ್ತಾಯಿತು. ನಾಲಿಗೆ ಮಾತ್ರ ಹಿಂದಕ್ಕೆ ಹೋಗಬೇಕಾದಲ್ಲಿ ಮುಂದಕ್ಕೆ ಬರುತ್ತಿತ್ತು. 'ಕ' ಇದ್ದಲ್ಲೆಲ್ಲ 'ತ', 'ಗ' ಇದ್ದಲ್ಲೆಲ್ಲ 'ದ'. ಕಾಗೆ ಅವನ ಬಾಯಲ್ಲಿ 'ತಾದೆ'. ಕುಕ್ಕರ್ 'ತುತ್ತಲ್'. ಇಂಥ ಮಗುವಿಗೆ "ಸರಿಯಾಗಿ ಹೇಳು" ಎಂದು ನೂರು ಸಲ ಅಂದರೂ ಉಪಯೋಗ ಇಲ್ಲ. ಸರಿ ಯಾವುದು ಎಂದು ಅವನಿಗೆ ಆಗಲೇ ಗೊತ್ತು.

ಅದಕ್ಕೂ ಮೊದಲು ಇನ್ನೊಂದು ಕಥೆ ಇತ್ತು. ಎರಡು ವರ್ಷ ತುಂಬಿದಾಗ ಅವನ ಹತ್ತಿರ ಇದ್ದದ್ದು ಎಂಟೇ ಪದ. "ಗಂಡು ಮಕ್ಕಳು ಲೇಟು", "ಅವರಪ್ಪನೂ ಹಂಗೇ ಇದ್ದ" ಎಂದು ಎಲ್ಲರೂ ಸಮಾಧಾನ ಹೇಳಿದರು. ಒಬ್ಬ ಡಾಕ್ಟರೂ "ಮೂರಾಗಲಿ, ನೋಡೋಣ" ಎಂದರು. ಕಾದೆವು. ಈಗಲೂ ಆ ಒಂದು ವರ್ಷದ ಬಗ್ಗೆ ಹೊಟ್ಟೆ ಉರಿಯುತ್ತದೆ.

ಕೊನೆಗೆ ಸ್ಪೀಚ್ ಥೆರಪಿಗೆ, ಅಂದರೆ ಮಾತಿನ ಚಿಕಿತ್ಸೆಗೆ, ಹೋದಾಗ ಅಲ್ಲಿನ ಮೇಡಂ ಮೊದಲ ದಿನವೇ ಹೇಳಿದ ಮಾತು: "ನನ್ನ ಹತ್ರ ಇವನು ವಾರಕ್ಕೆ 40 ನಿಮಿಷ. ಉಳಿದದ್ದೆಲ್ಲ ನಿಮ್ಮ ಹತ್ರ. ಹಾಗಾಗಿ ಪಾಠ ನಿಮಗೆ." ಆ ಪಾಠವನ್ನೇ ಇಲ್ಲಿ ಬರೆಯುತ್ತಿದ್ದೇನೆ. ಇದು ಥೆರಪಿಗೆ ಬದಲಿ ಅಲ್ಲ. ಎರಡು ಥೆರಪಿಗಳ ನಡುವೆ ಉಳಿಯುವ ಆರು ದಿನಕ್ಕೆ.

ಮೊದಲ ಹೆಜ್ಜೆ: ನಾಲಿಗೆ ಬಿಡಿ, ಕಿವಿ ನೋಡಿ

ಮಗು ಮಾತಾಡುತ್ತಿಲ್ಲ ಎಂದರೆ ಎಲ್ಲರೂ ಬಾಯಿ ತೆರೆಸಿ ನಾಲಿಗೆ ನೋಡುತ್ತಾರೆ. ಮೊದಲು ತೋರಿಸಬೇಕಾದದ್ದು ಕಿವಿ. ಪದೇ ಪದೇ ನೆಗಡಿಯಾಗುವ ಮಕ್ಕಳಲ್ಲಿ ಕಿವಿಯ ತಮಟೆಯ ಹಿಂದೆ ನೀರು ನಿಲ್ಲುವುದುಂಟು. ಆಗ ಮಗುವಿಗೆ ಕೇಳುತ್ತದೆ, ಆದರೆ ಕೊಡದೊಳಗೆ ತಲೆ ಹಾಕಿ ಕೇಳಿದ ಹಾಗೆ. "ಕುಕ್ಕರ್ ಸೀಟಿ ಹೊಡೆದರೆ ತಿರುಗಿ ನೋಡ್ತಾನೆ, ಕಿವಿ ಚೆನ್ನಾಗೇ ಇದೆ" ಎಂದು ನಾನೂ ಅಂದುಕೊಂಡಿದ್ದೆ. ಸೀಟಿ ಕೇಳುವುದು ಬೇರೆ, 'ಪ'ಕ್ಕೂ 'ಕ'ಕ್ಕೂ ಇರುವ ವ್ಯತ್ಯಾಸ ಕೇಳುವುದು ಬೇರೆ.

ಪರೀಕ್ಷೆಗೆ ಹೆದರಬೇಡಿ. ಓಎಇ ಎಂದರೆ ಕಿವಿಗೆ ಸಣ್ಣ ಬಿರಡೆಯಂಥದ್ದು ಇಟ್ಟು ನೋಡುತ್ತಾರೆ, ಕೆಲವೇ ನಿಮಿಷ. ಬೇರಾ ಎಂದರೆ ಮಗು ಮಲಗಿದಾಗ ತಲೆಗೆ ವೈರು ಅಂಟಿಸಿ ನೋಡುತ್ತಾರೆ. ಎರಡೂ ನೋವಿಲ್ಲದವು. ಬೇರಾಗೆ ಹೋಗುವ ದಿನ ಮಗುವನ್ನು ಬಸ್ಸಿನಲ್ಲಿ ಮಲಗಲು ಬಿಡಬೇಡಿ. ಅಲ್ಲಿ ಹೋದ ಮೇಲೆ ಕಣ್ಣು ಬಿಟ್ಟುಕೊಂಡು ಕೂತರೆ ಇಡೀ ದಿನ ದಂಡ.

ಎಲ್ಲಿಗೆ ಹೋಗುವುದು? ಮೈಸೂರಿನ ಮಾನಸಗಂಗೋತ್ರಿಯಲ್ಲಿ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ. ಆಟೋದವರಿಗೆ ಸ್ಪೀಚ್ ಅಂಡ್ ಹಿಯರಿಂಗ್ ಎಂದರೆ ಸಾಕು. ಕೇಂದ್ರ ಸರ್ಕಾರದ ಸಂಸ್ಥೆ, 1960ರ ದಶಕದಿಂದ ಇದೇ ಕೆಲಸ ಮಾಡುತ್ತಿದೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲೂ ಮಾತು ಮತ್ತು ಶ್ರವಣದ ವಿಭಾಗ ಇದೆ. ಅಷ್ಟು ದೂರ ಆಗದಿದ್ದರೆ ಅಂಗನವಾಡಿಯಲ್ಲಿ ಆರ್‌ಬಿಎಸ್‌ಕೆ ತಂಡ ಯಾವಾಗ ಬರುತ್ತದೆ ಎಂದು ಕೇಳಿ. 2013ರಲ್ಲಿ ಶುರುವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ವೈದ್ಯರು ಇವರು. ಮಕ್ಕಳ ಬೆಳವಣಿಗೆ ತಡವಾಗಿದ್ದರೆ ಗುರುತಿಸಿ ಇಂಥ ಮಕ್ಕಳಿಗೆ ಬೇಗ ನೆರವು ಶುರು ಮಾಡುವ ಜಿಲ್ಲಾ ಮಟ್ಟದ ಡಿಇಐಸಿ ಕೇಂದ್ರಕ್ಕೆ ಕಳಿಸುವುದು ಅವರ ಕೆಲಸ. ಖಾಸಗಿಯಾಗಿ ಥೆರಪಿ ಮಾಡಿಸುವುದಾದರೆ ಥೆರಪಿಸ್ಟಿಗೆ ಭಾರತೀಯ ಪುನರ್ವಸತಿ ಪರಿಷತ್ತಿನ, ಅಂದರೆ ಆರ್‌ಸಿಐ ನೋಂದಣಿ ಇದೆಯಾ ಎಂದು ಮುಲಾಜಿಲ್ಲದೆ ಕೇಳಿ.

ಇನ್ನು ಬಜೆ ವಿಷಯ. ಮಾತು ಬರಲಿ ಎಂದು ನಮ್ಮತ್ತೆ ದಿನಾ ಬಜೆ ಬೇರು ತೇಯ್ದು ನಾಲಿಗೆಗೆ ಹಚ್ಚುತ್ತಿದ್ದರು. ಪ್ರೀತಿಯಿಂದಲೇ, ಅದರಲ್ಲಿ ಎರಡು ಮಾತಿಲ್ಲ. ಆದರೆ ಬಜೆಯನ್ನು ನಂಬಿಕೊಂಡು ತಿಂಗಳು ಕಳೆಯಬೇಡಿ. ವರ್ಷ ತುಂಬದ ಕೂಸಿಗೆ ಜೇನುತುಪ್ಪ ನೆಕ್ಕಿಸುವುದಂತೂ ಬೇಡವೇ ಬೇಡ, ಅದರಲ್ಲಿ ಇರಬಹುದಾದ ಒಂದು ಬಗೆಯ ಬ್ಯಾಕ್ಟೀರಿಯಾ ಎಳೆ ಮಕ್ಕಳಿಗೆ ಅಪಾಯ. "ನಾಲಿಗೆ ಕೆಳಗೆ ಅಂಟಿದೆ, ಆ ಪೊರೆ ಕತ್ತರಿಸಿದರೆ ಮಾತು ಬರುತ್ತೆ" ಎಂದು ಯಾರಾದರೂ ಹೇಳಿದರೂ ಸ್ವಲ್ಪ ತಡೆಯಿರಿ. ನಾಲಿಗೆ ಅಂಟಿದ್ದರೂ ಚೆನ್ನಾಗಿ ಮಾತಾಡುವವರು ಬೇಕಾದಷ್ಟು ಜನ ಇದ್ದಾರೆ. ಥೆರಪಿಸ್ಟ್ ನೋಡಿದ ಮೇಲೆ ತೀರ್ಮಾನ ಮಾಡಿ.

ಎರಡನೇ ಹೆಜ್ಜೆ: ತೊಂದರೆ ಯಾವ ಬಗೆಯದು?

ಮಾತೇ ತಡವಾಗಿದೆಯಾ, ಮಾತು ಇದೆ ಆದರೆ ಸ್ಪಷ್ಟ ಇಲ್ಲವಾ, ಅಥವಾ ಉಗ್ಗುತ್ತಿದೆಯಾ? ಮನೆಯಲ್ಲಿ ಮಾಡುವ ಕೆಲಸ ಇದರ ಮೇಲೆ ಬೇರೆ ಬೇರೆ. ನನ್ನ ಮಗನಿಗೆ ಮೊದಲು ತಡ, ಆಮೇಲೆ ಅಸ್ಪಷ್ಟ. ಎರಡೂ ಒಟ್ಟಿಗೆ ಬರುವುದು ಹೊಸದೇನಲ್ಲ.

ವಯಸ್ಸಿನ ಲೆಕ್ಕ ಸುಮಾರಾಗಿ ಹೀಗೆ. ಒಂದು ವರ್ಷದ ಹೊತ್ತಿಗೆ ಹೆಸರು ಕರೆದರೆ ತಿರುಗಬೇಕು, ಬೇಕಾದದ್ದಕ್ಕೆ ಬೆರಳು ತೋರಿಸಲು ಶುರು ಮಾಡಿರಬೇಕು. ಒಂದೂವರೆಗೆ ಕೆಲವು ಪದವಾದರೂ ಬಾಯಿಂದ ಬರುತ್ತಿರಬೇಕು. ಎರಡು ವರ್ಷಕ್ಕೆ ಸುಮಾರು 50 ಪದ, ಜೊತೆಗೆ "ಅಮ್ಮ ಬಾ", "ಹಾಲು ಬೇಡ" ಎಂದು ಎರಡೆರಡು ಸೇರಿಸುವುದು. ಮೂರಕ್ಕೆ ಹೊರಗಿನವರಿಗೂ ಮುಕ್ಕಾಲು ಪಾಲು ಅರ್ಥವಾಗಬೇಕು. 'ರ', 'ಳ', 'ಷ'ಗಳು ತಡವಾಗಿ ಬರುವ ಗಿರಾಕಿಗಳು, ಮೂರು ವರ್ಷದ ಮಗು 'ರೊಟ್ಟಿ'ಗೆ 'ಲೊಟ್ಟಿ' ಎಂದರೆ ತಲೆ ಕೆಡಿಸಿಕೊಳ್ಳಬೇಡಿ.

ಕಾಯಲೇಬಾರದ ಸಂದರ್ಭವೂ ಇದೆ. ಬಂದಿದ್ದ ಪದಗಳು ಯಾವ ವಯಸ್ಸಿನಲ್ಲಾದರೂ ಮಾಯವಾದರೆ ಅದೇ ವಾರ ಡಾಕ್ಟರ ಹತ್ತಿರ ಹೋಗಿ. ಮಗು ಮಾತಷ್ಟೇ ಅಲ್ಲ, ಮುಖ ನೋಡುವುದು, ತೋರಿಸುವುದು, ಕರೆದರೆ ಓಗೊಡುವುದು ಕೂಡ ಕಡಿಮೆ ಇದ್ದರೆ ತಡ ಮಾಡಬೇಡಿ. ಮಾತೆಲ್ಲ ಮೂಗಿನಿಂದ ಬಂದಂತೆ ಇದ್ದರೆ, ಅದರಲ್ಲೂ ಸೀಳು ಅಂಗುಳ ಇದ್ದ ಮಗುವಾದರೆ, ಮನೆಯ ಅಭ್ಯಾಸದಿಂದ ಅದು ಸರಿಹೋಗದು. ಶಸ್ತ್ರಚಿಕಿತ್ಸೆ ಮಾಡಿದ ತಂಡಕ್ಕೇ ತೋರಿಸಬೇಕು.

ಮನೆಯಲ್ಲಿ ಕನ್ನಡ, ಪಕ್ಕದ ಮನೆಯಲ್ಲಿ ಉರ್ದು, ಸ್ಕೂಲಲ್ಲಿ ಇಂಗ್ಲಿಷ್ ಎಂದು ಮಗು ಗೊಂದಲಕ್ಕೆ ಬಿದ್ದಿದೆಯಾ? ಇಲ್ಲ. ಎರಡು ಭಾಷೆಯಿಂದ ಮಾತಿನ ತೊಂದರೆ ಬರುವುದಿಲ್ಲ. ನಿಮಗೆ ಸಲೀಸಾಗಿ ಬರುವ ಭಾಷೆಯಲ್ಲೇ ಮಾತಾಡಿ. ನಾನು ಆರು ತಿಂಗಳು ಹರುಕು ಮುರುಕು ಇಂಗ್ಲಿಷಲ್ಲಿ "ಕಮ್ ಹಿಯರ್, ಈಟ್ ಫುಡ್" ಎಂದು ಮಾತಾಡಿದ್ದೆ. ಅವನಿಗಿರಲಿ, ನನಗೇ ಮಾತು ನಿಂತುಹೋಗಿತ್ತು.

ಮೂರನೇ ಹೆಜ್ಜೆ: ಒಂದು ವಾರ ಬರೆದಿಡಿ

ಒಂದು ನೋಟ್‌ಬುಕ್ ಅಡುಗೆಮನೆಯಲ್ಲಿಡಿ, ಪೆನ್ನಿಗೆ ದಾರ ಕಟ್ಟಿ. ಮಗು ಏನಾದರೂ ಕೇಳಿದಾಗ ಹೇಗೆ ಕೇಳಿತು ಎಂದು ಬರೆಯಿರಿ. ಎಳೆದುಕೊಂಡು ಹೋಯಿತಾ, ಬೆರಳು ತೋರಿಸಿತಾ, ಅತ್ತಿತಾ, ಸದ್ದು ಮಾಡಿತಾ, ಪದ ಹೇಳಿತಾ. ಪದವನ್ನು ಅದು ಹೇಳಿದ ಹಾಗೇ ಬರೆಯಿರಿ: 'ಸಾಕು' ಎನ್ನುವುದನ್ನು 'ಸಾತು' ಎಂದರೆ 'ಸಾತು' ಎಂದೇ. ಇಂಥ ಪಟ್ಟಿ ಕೈಯಲ್ಲಿದ್ದರೆ ಥೆರಪಿಸ್ಟಿಗೆ ಅರ್ಧ ಕೆಲಸ ಆದಂತೆ.

ನನ್ನ ನೋಟ್‌ಬುಕ್ ನೋಡಿದಾಗ ನನಗೆ ಕಂಡದ್ದು ಬೇರೆ. ದಿನಕ್ಕೆ ಮೂವತ್ತು ಸಲ ಅವನಿಗೆ ಏನಾದರೂ ಬೇಕಾಗುತ್ತಿತ್ತು. ಅದರಲ್ಲಿ ಇಪ್ಪತ್ತೈದು ಸಲ ಅವನು ಕೇಳುವ ಮೊದಲೇ ನಾನು ಕೊಟ್ಟಾಗಿತ್ತು. ನೀರಿನ ಲೋಟದ ಕಡೆ ಕಣ್ಣು ಹೊರಳಿದರೆ ನೀರು. ಚಪ್ಪಲಿ ಕಡೆ ನೋಡಿದರೆ ಚಪ್ಪಲಿ. ಒಳ್ಳೆ ತಾಯಿ, ಅಲ್ವಾ? ಆ ಮಗುವಿಗೆ ಮಾತಾಡುವ ಅಗತ್ಯವಾದರೂ ಏನಿತ್ತು?

ನಾಲ್ಕನೇ ಹೆಜ್ಜೆ: ಸುಮ್ಮನಿರುವುದು

ಇದೇ ಎಲ್ಲಕ್ಕಿಂತ ಕಷ್ಟ. ಇದನ್ನು ಕಲಿಯಲು ನನಗೆ ಎರಡು ತಿಂಗಳು ಬೇಕಾಯಿತು.

ಮಂಡಕ್ಕಿ ಡಬ್ಬಿಯ ಕಥೆ ಹೇಳುತ್ತೇನೆ. ದಾವಣಗೆರೆಯ ಮನೆಯಲ್ಲಿ ಮಂಡಕ್ಕಿ ಇಲ್ಲದ ಸಂಜೆ ಇಲ್ಲ. ಒಂದು ಪಾರದರ್ಶಕ ಡಬ್ಬಿಗೆ ಮಂಡಕ್ಕಿ ಹಾಕಿ, ಮುಚ್ಚಳ ಬಿಗಿಯಾಗಿ ತಿರುಗಿಸಿ ಅವನ ಕೈಗೇ ಕೊಟ್ಟೆ. ನೆಲದ ಮೇಲೆ ಅವನ ಎದುರಿಗೆ ಕೂತೆ, ನನ್ನ ಮುಖ ಅವನ ಮುಖದ ಮಟ್ಟಕ್ಕೆ ಬರುವ ಹಾಗೆ. ಡಬ್ಬಿ ಅಲ್ಲಾಡಿಸಿದ. ಕಚ್ಚಿ ನೋಡಿದ. ನನ್ನ ಮಡಿಲಿಗೆ ಹಾಕಿದ. ನನ್ನ ಬಾಯಿ "ತೆಗೀಬೇಕಾ ಕಂದಾ? ಅಮ್ಮ ತೆಗೀಲಾ? ತೆಗಿ ಅನ್ನು" ಎನ್ನಲು ತಯಾರಾಗಿತ್ತು. ತುಟಿ ಕಚ್ಚಿಕೊಂಡು ಮನಸ್ಸಲ್ಲೇ ಎಣಿಸಿದೆ. ಒಂದು, ಎರಡು, ಮೂರು. ಹುಬ್ಬು ಏರಿಸಿ, ನಗುಮುಖದಿಂದ, "ಹೇಳು, ನಾನು ಕೇಳ್ತಿದ್ದೀನಿ" ಎನ್ನುವ ಹಾಗೆ ನೋಡುತ್ತಾ ಇದ್ದೆ. ಏಳು. ಎಂಟು. ಅವನು ಮುಚ್ಚಳದ ಮೇಲೆ ಕೈಯಿಟ್ಟು "ತೆದಿ" ಎಂದ.

ತೆಗಿ! ಅವನಾಗೇ ಹೇಳಿದ ಮೊದಲ ಕ್ರಿಯಾಪದ. ತಕ್ಷಣ ಮುಚ್ಚಳ ತೆಗೆದೆ. "ತೆಗಿ! ತೆಗೆದೆ ನೋಡು" ಎಂದೆ. 'ದ' ಅಲ್ಲ 'ಗ' ಎಂದು ತಿದ್ದಲಿಲ್ಲ. ಒಂದು ಹಿಡಿ ಮಾತ್ರ ಕೊಟ್ಟು ಮತ್ತೆ ಮುಚ್ಚಳ ಹಾಕಿದೆ. ಆ ಸಂಜೆ ಆರು ಸಲ 'ತೆದಿ' ಬಂತು.

ಇಲ್ಲಿ ಗಮನಿಸಬೇಕಾದದ್ದು ಎರಡು. ಕಾಯುವುದು ಎಂದರೆ ಹತ್ತು ಸೆಕೆಂಡಿನಷ್ಟು, ಅಳಿಸುವವರೆಗೆ ಅಲ್ಲ. ಹತ್ತಾದರೂ ಬರದಿದ್ದರೆ ನೀವೇ "ತೆಗಿ" ಎಂದು ಹೇಳಿ ತೆಗೆದುಕೊಡಿ. ಮಗು ಹೇಳಿದರೂ ಸಿಗುತ್ತದೆ, ಹೇಳದಿದ್ದರೂ ಸಿಗುತ್ತದೆ. ಎರಡನೆಯದು, ತಿನ್ನುವ ವಸ್ತುವನ್ನು ಪಣಕ್ಕಿಡಬೇಡಿ. ಒಮ್ಮೆ ನಾನು ಬಿಸ್ಕತ್ತು ಎತ್ತಿ ಹಿಡಿದು "ಕಾಕಾ ಅನ್ನು, ಆಗ ಕೊಡ್ತೀನಿ" ಎಂದು ಹಟ ಹಿಡಿದೆ. ಅವನು ಬಿಸ್ಕತ್ತನ್ನೇ ಬಿಟ್ಟ. ಮೂರು ದಿನ ಕಾಕಾನ ಸುದ್ದಿಯನ್ನೇ ಎತ್ತಲಿಲ್ಲ.

ಮೊದಲು ಯಾವ ಪದ ಬರಿಸಬೇಕು ಎನ್ನುವುದರಲ್ಲೂ ನಾವು ಎಡವುತ್ತೇವೆ. ರೆಡ್, ಬ್ಲೂ, ಎ ಫಾರ್ ಆಪಲ್ ಕಲಿಸಲು ಕೂರುತ್ತೇವೆ. ಹಸಿದ ಮಗುವಿಗೆ 'ಬ್ಲೂ'ನಿಂದ ಏನಾಗಬೇಕು? ಬೇಕು, ಬೇಡ, ಸಾಕು, ಕೊಡು, ಬಾ, ಎತ್ಕೋ, ಇನ್ನೂ, ಹಾಕು. ಈ ಎಂಟು ಪದ ಇದ್ದರೆ ಮಗು ಮನೆಯನ್ನೇ ಆಳಬಹುದು. ಕನ್ನಡದಲ್ಲಿ ಇವೆಲ್ಲ ಪುಟ್ಟ ಪುಟ್ಟ ಪದಗಳು, ಅದೇ ನಮ್ಮ ಅದೃಷ್ಟ.

ಬಾಯಿಂದ ಇನ್ನೂ ಏನೂ ಬರದ ಮಗುವಾದರೆ ಕೈಸನ್ನೆ, ಚಿತ್ರ ತೋರಿಸುವುದು ಎಲ್ಲವನ್ನೂ ಒಪ್ಪಿಕೊಳ್ಳಿ. "ಸನ್ನೆ ಕಲಿತರೆ ಮಾತು ಬರಲ್ಲ" ಎನ್ನುವುದು ಸುಳ್ಳು. ಸನ್ನೆಯಿಂದ ಹೇಳಿದ್ದು ನಡೆಯುತ್ತದೆ ಎಂದು ಕಂಡ ಮಗುವೇ ಬಾಯಿಂದಲೂ ಹೇಳಲು ಹೊರಡುತ್ತದೆ.

ಐದನೇ ಹೆಜ್ಜೆ: ಒಂದು ಪದ ಸೇರಿಸಿ ವಾಪಸ್ ಕೊಡಿ

ಮಗು "ಹಾಲು" ಎಂದರೆ ನೀವು "ಹಾಲು ಬೇಕು". "ಅಪ್ಪ ಆಪೀಸು" ಎಂದರೆ "ಹೌದು, ಅಪ್ಪ ಆಫೀಸಿಗೆ ಹೋದ್ರು". ಅಷ್ಟೇ. "ನೀನೂ ಹೇಳು" ಎನ್ನಬೇಡಿ. ಪದ ಬಂದ ಹಾಗೆ ಬಾಲ ಕಟ್ಟಿ ವಾಪಸ್ ಕೊಡಿ.

ಈ ಬಾಲದಲ್ಲೇ ಕನ್ನಡ ಇರುವುದು. ಆಫೀಸಿಗೆ, ಆಫೀಸಿನಲ್ಲಿ, ಆಫೀಸಿಂದ. ಮಾತಿನ ತೊಂದರೆ ಇರುವ ಮಕ್ಕಳು ಬಿಡುವುದೂ ಹೆಚ್ಚಾಗಿ ಇವನ್ನೇ. ಸಂಜೆ ಕಿಟಕಿ ಹತ್ತಿರ ಕೂತು ಬೀದಿ ನೋಡುವ ಆಟ ನಾವು ಜಾಸ್ತಿ ಆಡುತ್ತಿದ್ದೆವು. ನಾಯಿ ಬಂತು. ಅಕ್ಕ ಬಂದ್ಲು. ಹಾಲಿನವರು ಬಂದ್ರು. ನಾಯಿ ಹೋಯ್ತು. ಬೇರೆ ಏನೂ ಹೇಳುತ್ತಿರಲಿಲ್ಲ. ಒಂದು ದಿನ ಎಮ್ಮೆ ಬಂದಾಗ "ಎಮ್ಮೆ ಬಂದ್ಲು" ಎಂದ. ನಾನು "ಎಮ್ಮೆ ಬಂತು" ಎಂದೆ. ತಪ್ಪಾದರೂ ಖುಷಿಯಾಯಿತು, ಕ್ರಿಯಾಪದಕ್ಕೆ ಬಾಲ ಹಚ್ಚಬೇಕು ಎನ್ನುವುದು ತಲೆಗೆ ಹೋಗಿದೆ ಎಂದಾಯಿತಲ್ಲ.

ಪ್ರಶ್ನೆಗಳನ್ನು ಕಡಿಮೆ ಮಾಡಿ. "ಇದೇನು? ಇದ್ಯಾವ ಬಣ್ಣ? ಇದೆಷ್ಟು?" ಎಂದು ದಿನವಿಡೀ ಕೇಳುವುದು ಪರೀಕ್ಷೆ ಹಾಲ್ ಆಗುತ್ತದೆ. ನೀವು ಮಾಡುತ್ತಿರುವುದನ್ನು ಹೇಳಿ, ಮಗು ಮಾಡುತ್ತಿರುವುದನ್ನು ಹೇಳಿ.

ಆರನೇ ಹೆಜ್ಜೆ: ಇರುವ ಕೆಲಸಕ್ಕೇ ಮಾತು ಪೋಣಿಸಿ

ದಿನಕ್ಕೆ ಒಂದು ಗಂಟೆ ಪ್ರತ್ಯೇಕ ಪಾಠ ಎಂದು ಹೊರಟರೆ ನಾಲ್ಕನೇ ದಿನಕ್ಕೆ ನಿಲ್ಲುತ್ತದೆ. ದಿನಾ ಹೇಗೂ ನಡೆಯುವ ಎರಡು ಕೆಲಸ ಆರಿಸಿ. ಒಂದೇ ಕೆಲಸ, ಅದೇ ಕ್ರಮ, ಅದೇ ಪದ.

ನನ್ನದು ಸ್ನಾನ. "ನೀರು ಹಾಕು. ಸೋಪು ಹಚ್ಚು. ಕೈ ತೊಳಿ. ಕಾಲು ತೊಳಿ." ಹತ್ತು ದಿನ ಇದನ್ನೇ ಹೇಳಿದೆ. ಹನ್ನೊಂದನೇ ದಿನ "ನೀರು..." ಎಂದು ತಂಬಿಗೆ ಎತ್ತಿ ನಿಲ್ಲಿಸಿದೆ. "ಆತು!" ಎಂದು ಕಿರುಚಿದ. ಹಾಕು! ಗೊತ್ತಿರುವ ಸಾಲಿನ ಕೊನೆ ಪದ ಬಿಟ್ಟು ನಿಲ್ಲುವುದು ಚೆನ್ನಾಗಿ ಕೆಲಸ ಮಾಡುತ್ತದೆ. ಅಜ್ಜಿ ಹೇಳುವ ಶಿಶುಗೀತೆಗೂ ಇದೇ ಉಪಾಯ, ಕೊನೆ ಪದ ಮಗುವಿಗೆ ಬಿಡಿ. ಅಂಗೈಯಿಂದ ಕಂಕುಳದವರೆಗೆ ಬೆರಳು ನಡೆಸಿ ಕಚಗುಳಿ ಇಡುವ ಆಟ ಗೊತ್ತಲ್ಲ, ಅದರಲ್ಲಿ ಮೊಣಕೈ ಹತ್ತಿರ ನಿಂತುಬಿಡಿ. 'ಇನ್ನೂ' ಎನ್ನುವ ಪದ ಅಲ್ಲೇ ಹುಟ್ಟುತ್ತದೆ.

ಅಡುಗೆಮನೆಯಲ್ಲಿ ಬಟಾಣಿ ಸುಲಿಯುವುದು, ಚಪಾತಿ ಹಿಟ್ಟು ಒತ್ತುವುದು, ಕೊತ್ತಂಬರಿ ಬಿಡಿಸುವುದು. ಹಿಟ್ಟು ಸಿಕ್ಕರೆ ಒತ್ತು, ಎಳಿ, ಉದ್ದ, ಗುಂಡು, ಅಂಟು, ಎಷ್ಟೊಂದು ಪದ! ಮಧ್ಯೆ ಬೇಕೆಂದೇ ತಪ್ಪು ಮಾಡಿ. ಊಟಕ್ಕೆ ಖಾಲಿ ತಟ್ಟೆ ಇಡಿ. ಅಪ್ಪನ ಚಪ್ಪಲಿ ಅವನ ಕಾಲಿಗೆ ಹಾಕಿ. ಎರಡು ಬಾಳೆಹಣ್ಣು ಬದಲು ಒಂದು ಬಾಳೆಹಣ್ಣು, ಒಂದು ಈರುಳ್ಳಿ ಹಿಡಿದು "ಯಾವುದು ಬೇಕು?" ಎನ್ನಿ. ಮಕ್ಕಳಿಗೆ ದೊಡ್ಡವರ ದಡ್ಡತನ ತಿದ್ದುವುದೆಂದರೆ ಬಲು ಇಷ್ಟ, ತಿದ್ದಲು ಮಾತು ಬೇಕು. ಒಂದು ಎಚ್ಚರಿಕೆ: ಶೇಂಗಾ, ಬಟಾಣಿ ಕಾಳಿನಂಥವು ಮಗುವಿನ ಕೈಗೆ ಸಿಕ್ಕಾಗ ಪಕ್ಕದಲ್ಲೇ ಇರಿ, ಗಂಟಲಿಗೆ ಸಿಕ್ಕಿಕೊಳ್ಳಬಹುದು.

ಬಟ್ಟೆ ಮಡಚುವಾಗ "ಇದು ಯಾರದು? ಅಪ್ಪಂದು, ಅಜ್ಜೀದು". ಬಸ್ಸಿನಲ್ಲಿ "ನಿಂತಿತು, ಹೊರಟಿತು". ಇಷ್ಟು ಸಾಕು.

ಏಳನೇ ಹೆಜ್ಜೆ: ಒಂದು ಅಕ್ಷರ ಹಿಡಿದು ಕೂರುವುದು

ಪದಗಳು ಬಂದ ಮೇಲೆ ಉಚ್ಚಾರದ ಸರದಿ. ಯಾವ ಅಕ್ಷರ ಮೊದಲು ಎನ್ನುವುದನ್ನು ಥೆರಪಿಸ್ಟ್ ಹೇಳಲಿ. ನಮಗೆ 'ಕ' ಬಂತು.

ಮೊದಲ ಎರಡು ವಾರ ಅವನು ಏನೂ ಹೇಳಬೇಕಿರಲಿಲ್ಲ, ಕೇಳಿದರೆ ಸಾಕಿತ್ತು. ನಾನೇ ಮನೆ ತುಂಬ 'ಕ' ಚೆಲ್ಲಿದೆ. ಕುಕ್ಕರ್ ಕೂಗ್ತು. ಕಾಯಿ ಒಡಿ. ಕೋಳಿ ಕೂತಿದೆ. ಕಸ ಕಡ್ಡಿ. ಆಮೇಲೆ ಆರಿಸುವ ಆಟ. ಒಂದು ಕಡೆ ತೆಂಗಿನಕಾಯಿ, ಇನ್ನೊಂದು ಕಡೆ ನನ್ನ ಫೋಟೋ. "ಕಾಯಿ ಎಲ್ಲಿ? ತಾಯಿ ಎಲ್ಲಿ?" ಆಮೇಲೆ ಅವನು ಹೇಳಬೇಕು, ನಾನು ಎತ್ತಬೇಕು. ಅವನು ಕಾಯಿ ಬೇಕೆಂದು "ತಾಯಿ" ಎಂದಾಗ ನಾನು ಫೋಟೋ ಕೊಟ್ಟೆ. ಅವನು ಫೋಟೋ ನೋಡಿದ, ನನ್ನ ನೋಡಿದ, ಬಾಯಿ ತೆರೆದು ಒಂದು ಕ್ಷಣ ಯೋಚಿಸಿದ. ಗದರಿಕೆಯಿಂದ ಬಾರದ ಆ ಯೋಚನೆ ತಪ್ಪು ವಸ್ತು ಕೈಗೆ ಬಂದಾಗ ಬಂತು. ಕನ್ನಡದಲ್ಲಿ ಇಂಥ ಜೋಡಿಗಳು ಬೇಕಾದಷ್ಟಿವೆ: ಕಲೆ ತಲೆ, ಗಾಡಿ ದಾಡಿ, ಕೊಳೆ ತೊಳೆ. ಕೊನೆಯದಂತೂ ಬಚ್ಚಲಮನೆಗೇ ಮಾಡಿಸಿದ ಹಾಗಿದೆ.

'ಕ' ಮೊದಲು ಸಿಕ್ಕಿದ್ದೂ ಬಚ್ಚಲಲ್ಲೇ. ನೀರು ಬಾಯಿಗೆ ಹಾಕಿಕೊಂಡು ತಲೆ ಮೇಲೆತ್ತಿ ಗಳಗಳ ಮಾಡುವಾಗ ನಾಲಿಗೆಯ ಹಿಂಭಾಗ ಮೇಲಕ್ಕೆ ಏಳುತ್ತದೆ. ಮೊದಲು ನೀರಿನಿಂದ, ಆಮೇಲೆ ನೀರಿಲ್ಲದೆ ಸುಮ್ನೆ ಆ ಸದ್ದು. ನೀರು ನುಂಗದೆ ಮುಕ್ಕಳಿಸಲು ಬರುವ ಮಕ್ಕಳಿಗೆ ಮಾತ್ರ ಇದು. ಚಮಚದಿಂದ ನಾಲಿಗೆ ಒತ್ತಿ ಹಿಡಿಯುವಂಥ ವಿದ್ಯೆಗಳನ್ನು ಥೆರಪಿಸ್ಟ್ ಕೈಯಲ್ಲಿ ತೋರಿಸಿಕೊಡದೆ ಮಾಡಬೇಡಿ.

ಒಂಟಿ ಸದ್ದು ಬಂದ ಮೇಲೆ ಕಾ, ಕೀ, ಕೂ, ಕೋ. ನಮ್ಮ ಕಾಗುಣಿತ ಇದೇ ಅಲ್ವಾ? ಆಮೇಲೆ ಪದ. ಅವನಿಗೆ 'ಕಾಕಾ'ಗಿಂತ ಮೊದಲು 'ಅಕ್ಕಿ', 'ಬೆಕ್ಕು' ಬಂದವು, ಒತ್ತಕ್ಷರದಲ್ಲಿ ನಾಲಿಗೆಗೆ ನಿಲ್ಲಲು ಸ್ವಲ್ಪ ಹೆಚ್ಚು ಹೊತ್ತು ಸಿಗುತ್ತದೆ. ದಿನಕ್ಕೆ ಐದು ನಿಮಿಷ, ಎರಡು ಸಲ. ಉಳಿದ ಹೊತ್ತು ಅವನು ಹೇಗೆ ಮಾತಾಡಿದರೂ ತಿದ್ದಬೇಡಿ, ಸರಿಯಾದ ಪದವನ್ನು ನಿಮ್ಮ ಉತ್ತರದಲ್ಲಿ ಸೇರಿಸಿದರೆ ಸಾಕು. "ತಾದೆ ಹೋಯ್ತು" ಎಂದರೆ "ಹೂಂ, ಕಾಗೆ ಹೋಯ್ತು".

ಪೀಪಿ ಊದಿಸಿ, ಬಲೂನು ಊದಿಸಿ, ಬಾಯಿಗೆ ಬಲ ಬರುತ್ತೆ ಎಂದು ತುಂಬ ಜನ ಹೇಳುತ್ತಾರೆ. ಊದುವುದು ಊದುವುದನ್ನು ಕಲಿಸುತ್ತದೆ, 'ಕ' ಕಲಿಸುವುದಿಲ್ಲ. ಸೋಪಿನ ಗುಳ್ಳೆ ನಾವೂ ಆಡುತ್ತಿದ್ದೆವು, ಆದರೆ 'ಊದು', 'ಟಪ್ ಅಂತು', 'ನಂದು', 'ನಿಂದು' ಎನ್ನುವ ಪದಗಳಿಗಾಗಿ.

ಉಗ್ಗುವ ಮಗುವಾದರೆ

ಇಲ್ಲಿ ಮೇಲಿನ ಆಟಗಳು ಹೊಂದುವುದಿಲ್ಲ. ಎರಡರಿಂದ ಐದು ವರ್ಷದೊಳಗೆ "ನಾ ನಾ ನಾನು" ಎಂದು ತಡವರಿಸುವುದು ಬಹಳ ಮಕ್ಕಳಲ್ಲಿ ಬಂದು ತಾನಾಗೇ ಹೋಗುತ್ತದೆ. ಆದರೆ ಪದ ಸಿಕ್ಕಿಕೊಂಡು ಮುಖ ಬಿಗಿಯುವುದು, ಕಣ್ಣು ಮಿಟುಕಿಸಿ ಒದ್ದಾಡುವುದು, ಆರು ತಿಂಗಳಾದರೂ ಹೋಗದಿರುವುದು, ಮನೆಯಲ್ಲಿ ಬೇರೆ ಯಾರಿಗಾದರೂ ಉಗ್ಗು ಇರುವುದು, ಇವುಗಳಲ್ಲಿ ಒಂದಿದ್ದರೂ ಥೆರಪಿಸ್ಟಿಗೆ ತೋರಿಸಿ.

ಮನೆಯಲ್ಲಿ ಮಾಡಬೇಕಾದದ್ದು: "ನಿಧಾನ ಹೇಳು", "ಉಸಿರು ತಗೋ" ಎನ್ನುವುದನ್ನು ನಿಲ್ಲಿಸಿ. ನೀವೇ ನಿಧಾನ ಮಾಡಿ. ಮಗು ಹೇಳಿ ಮುಗಿಸಿದ ಮೇಲೆ ಒಂದು ಉಸಿರಿನಷ್ಟು ಬಿಟ್ಟು ಉತ್ತರ ಕೊಡಿ. ಅದರ ವಾಕ್ಯವನ್ನು ನೀವು ಮುಗಿಸಬೇಡಿ. ಅಣ್ಣ ತಂಗಿಯರು ಮಧ್ಯೆ ಬಾಯಿ ಹಾಕದಂತೆ ಸರದಿ ಮಾಡಿ. ಅಣಕಿಸುವವರನ್ನು, ಅದು ಮಾವನೇ ಆಗಿರಲಿ, ಪಕ್ಕಕ್ಕೆ ಕರೆದು ಹೇಳಿ.

ಫೋನು ಮತ್ತು ನೆಂಟರು

ಫೋನಿನ ಬಗ್ಗೆ ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೇಳಿದ್ದು ಇಷ್ಟು: ಎರಡು ವರ್ಷದೊಳಗೆ ಪರದೆ ಬೇಡ, ಎರಡರಿಂದ ನಾಲ್ಕರವರೆಗೆ ದಿನಕ್ಕೆ 1 ಗಂಟೆ ಮೀರದಿರಲಿ. ಊಟಕ್ಕೆ ಫೋನು ಕೊಡುತ್ತಿದ್ದವಳು ನಾನೂ. ಫೋನಿನಿಂದಲೇ ಮಾತು ಹೋಯಿತು ಎಂದು ಯಾರಾದರೂ ತಾಯಿಯನ್ನು ಬೈದರೆ ನಾನು ಒಪ್ಪುವುದಿಲ್ಲ. ಆದರೆ ಫೋನು ಮಗುವಿಗಾಗಿ ಕಾಯುವುದಿಲ್ಲ. ಹತ್ತು ಸೆಕೆಂಡು ಸುಮ್ಮನಿರುವುದು ಅದಕ್ಕೆ ಬರುವುದಿಲ್ಲ. ನಾವು ರಾತ್ರಿ ಊಟದಿಂದ ಶುರು ಮಾಡಿ ಬಿಡಿಸಿದೆವು. ಮೊದಲ ನಾಲ್ಕು ದಿನ ಅವನೂ ಉಣ್ಣಲಿಲ್ಲ, ನಾವೂ ಉಣ್ಣಲಿಲ್ಲ.

ನೆಂಟರು ಬಂದಾಗ "ಆಂಟಿಗೆ ಒಂದು ಹಾಡು ಹೇಳು" ಎಂದು ಮುಂದಕ್ಕೆ ತಳ್ಳಬೇಡಿ. ಅವನಿಗೆ ಮಾಡಲು ಕೆಲಸ ಕೊಡಿ, ಮಂಡಕ್ಕಿ ಬಟ್ಟಲು ಹಿಡಿದು "ತಗೊಳ್ಳಿ" ಎನ್ನುವುದೇ ಇರಲಿ. ಅಂಗನವಾಡಿ ಟೀಚರಿಗೆ ಅವನು ಹೇಳುವ ಪದಗಳ ಪುಟ್ಟ ಪಟ್ಟಿ ಬರೆದು ಕೊಡಿ: ಅವನ 'ಸೂಸು' ಯಾವುದು, 'ನೀಲು' ಎಂದರೆ ಏನು. ನಮ್ಮ ಟೀಚರ್ ಅದನ್ನು ಗೋಡೆಗೇ ಅಂಟಿಸಿಕೊಂಡಿದ್ದರು.

ಅತ್ತೆಯವರಿಗೆ ನಾನು ಬಜೆ ಬೇಡ ಎನ್ನುವ ಬದಲು ಕಿಟಕಿ ಆಟ ಕೊಟ್ಟೆ. ದಿನಾ ಸಂಜೆ ಮೊಮ್ಮಗನನ್ನು ತೊಡೆ ಮೇಲೆ ಕೂರಿಸಿಕೊಂಡು "ಯಾರ್ ಬಂದ್ರು, ಏನ್ ಬಂತು" ಎಂದು ಕೂತರೆ ನನಗಿಂತ ನೂರು ಪಾಲು ಚೆನ್ನಾಗಿ ಆಡಿಸುತ್ತಿದ್ದರು. ಕಾಯುವುದು ಅವರಿಗೆ ಹುಟ್ಟಿನಿಂದಲೇ ಗೊತ್ತಿತ್ತು. ಬಜೆ ತೇಯುವ ಕಲ್ಲು ಯಾವಾಗ ಮೂಲೆ ಸೇರಿತೋ ನನಗೂ ತಿಳಿಯಲಿಲ್ಲ.

'ಕ' ಆಟದಲ್ಲಿ ಬಂದು ಮಾತಿನಲ್ಲಿ ನಿಲ್ಲಲು ಎಂಟು ತಿಂಗಳು ಹಿಡಿಯಿತು. ನೋಟ್‌ಬುಕ್ಕಿನಲ್ಲಿ ತಿಂಗಳಿಗೊಂದು ಪುಟ ಇಟ್ಟಿದ್ದರಿಂದ ಗೊತ್ತಾಯಿತು, ಇಲ್ಲದಿದ್ದರೆ ನಡುವಿನ ಮೂರು ತಿಂಗಳು ಏನೂ ಆಗುತ್ತಿಲ್ಲ ಎಂದು ಕೈಚೆಲ್ಲುತ್ತಿದ್ದೆ. ಮೈದುನನ ಮದುವೆಯ ಹೊತ್ತಿಗೆ ಅವನಿಗೆ ನಾಲ್ಕೂ ಮುಕ್ಕಾಲು. ಮಂಟಪದ ಕೆಳಗೆ ನಿಂತು "ಕಾಕಾ, ಕೆಳಗೆ ಬಾ" ಎಂದು ಸ್ಪಷ್ಟವಾಗಿ ಕೂಗಿದ. ಕಾಕಾ ಬರಲಿಲ್ಲ. ನಿದ್ದೆಗೆಟ್ಟ ಮಗು, ಸಿಟ್ಟು ಬಂತು. "ತಾತಾ, ಬಾರೋ!" ಎಂದ.